ಹಳೇ ಲ್ಯಾಪ್‌ಟಾಪಿನಿಂದ ಒಳ್ಳೇ ಸಂಗೀತ: ಕಂಪ್ಯೂಟರನ್ನು ಮನೆಯ ಆಡಿಯೊ ಸಿಸ್ಟಮ್‌ಗೆ ಜೋಡಿಸುವ ಸಮಗ್ರ ಮಾರ್ಗದರ್ಶಿ

ಮನೆಗೆ ಹೊಸ ಸ್ಪೀಕರ್ ಬರಲಿ, ಹೊಸ ವೈರ್ ಬರಲಿ, ನಾನು ಮೊದಲು ಹಾಕಿ ಕೇಳುವುದು ತಂಬೂರಿ. ಬರೀ ತಂಬೂರಿ, ಐದು ನಿಮಿಷ. ಕುದುರೆಯ ಮೇಲೆ ತಂತಿಯ ಕೆಳಗೆ ಎಳೆದಿಟ್ಟ ಸಣ್ಣ ದಾರದಿಂದ ಹುಟ್ಟುವ ಆ ಝೇಂಕಾರದಲ್ಲಿ ಹತ್ತಾರು ಸ್ವರಗಳು ಒಂದರ ಬೆನ್ನಿಗೆ ಒಂದು ಏಳುತ್ತವೆ. ಸಿಸ್ಟಮ್ ಸರಿಯಾಗಿದ್ದರೆ ಪ್ರತಿ ಮೀಟೂ ಬೇರೆಬೇರೆಯಾಗಿ ಅರಳುವುದು ಕೇಳಿಸುತ್ತದೆ. ಇಲ್ಲದಿದ್ದರೆ ನಾಲ್ಕೂ ತಂತಿ ಕಲಸಿಹೋಗಿ ಒಂದೇ ಸದ್ದಾಗಿಬಿಡುತ್ತದೆ.

ಕಪಾಟಿನಲ್ಲಿ ಸುಮ್ನೆ ಕೂತಿರುವ ಹಳೇ ಲ್ಯಾಪ್‌ಟಾಪ್‌ನಿಂದಲೇ ತಂಬೂರಿಯನ್ನು ಹೀಗೆ ಬಿಡಿಬಿಡಿಯಾಗಿ ಕೇಳಬಹುದು. ಅದಕ್ಕೆ ಎರಡು ಕೆಲಸ ಕೊಟ್ಟರೆ ಸಾಕು. ರೆಕಾರ್ಡಿಂಗ್‌ನಲ್ಲಿರುವ ಅಂಕಿಗಳನ್ನು ಮುಟ್ಟದೆ ಮುಂದಕ್ಕೆ ಕಳಿಸಬೇಕು. ತಾನು ಯಾವ ಸದ್ದೂ ಮಾಡದೆ ಕೂರಬೇಕು. ಕೆಳಗಿರುವ ಎಲ್ಲ ಹಂತಗಳೂ ಈ ಎರಡು ಕೆಲಸಕ್ಕಾಗಿಯೇ.

ದುಡ್ಡು ಎಲ್ಲಿ ಹಾಕಬೇಕು

ಕೇಳುವ ಸದ್ದಿನಲ್ಲಿ ಅತಿ ಹೆಚ್ಚು ವ್ಯತ್ಯಾಸ ತರುವುದು ಸ್ಪೀಕರ್ ಮತ್ತು ಅದು ಕೂತಿರುವ ಕೋಣೆ. ಆಮೇಲೆ ರೆಕಾರ್ಡಿಂಗ್‌ನ ಗುಣಮಟ್ಟ. ಆಮೇಲೆ ಆಂಪ್ಲಿಫೈಯರ್. ಅಂಕಿಗಳನ್ನು ಸದ್ದಿಗೆ ಬೇಕಾದ ವೋಲ್ಟೇಜಾಗಿ ಬದಲಿಸುವ ಡ್ಯಾಕ್ (DAC) ಅದರ ನಂತರ. ವೈರ್‌ಗಳು ಕಟ್ಟಕಡೆಗೆ. ನಾನು ಶುರುವಿನಲ್ಲಿ ಇದನ್ನು ತಲೆಕೆಳಗು ಮಾಡಿದ್ದೆ. ಅಂಗಡಿಯೊಂದರಲ್ಲಿ ಹೇಳಿದ್ದನ್ನು ನಂಬಿ ದುಬಾರಿ ಯುಎಸ್‌ಬಿ ಕೇಬಲ್ ತಂದೆ. ತಿಂಗಳುಗಟ್ಟಲೆ ಬದಲಾಯಿಸಿ ಬದಲಾಯಿಸಿ ಕೇಳಿದೆ. ಪ್ರಿಂಟರ್ ಜೊತೆ ಬಂದಿದ್ದ ಕೇಬಲ್‌ಗೂ ಅದಕ್ಕೂ ನನ್ನ ಕಿವಿಗೆ ಏನೂ ಫರಕು ಸಿಗಲಿಲ್ಲ. ಆ ದುಡ್ಡಲ್ಲಿ ಒಳ್ಳೇ ಸ್ಪೀಕರ್ ಸ್ಟ್ಯಾಂಡ್ ಬರುತ್ತಿತ್ತು.

ಕಂಪ್ಯೂಟರ್‌ಗಂತೂ ಖರ್ಚು ಮಾಡುವುದೇ ಬೇಡ. ಸಿ.ಡಿ. ಗುಣಮಟ್ಟದ ಸಂಗೀತ ಅಂದರೆ ಸೆಕೆಂಡಿಗೆ 1,411 ಕಿಲೋಬಿಟ್ ಮಾತ್ರ. ಹತ್ತು-ಹದಿನೈದು ವರ್ಷ ಹಳೆಯ ಲ್ಯಾಪ್‌ಟಾಪ್‌ಗೂ ಇದು ಲೆಕ್ಕಕ್ಕೇ ಇಲ್ಲ. ನೋಡಬೇಕಾದ್ದು ಫ್ಯಾನ್ ಸದ್ದನ್ನು. ರಾತ್ರಿ ಎಲ್ಲ ಆಫ್ ಮಾಡಿ, ಲ್ಯಾಪ್‌ಟಾಪ್ ಆನ್ ಮಾಡಿ, ನೀವು ಕೂರುವ ಜಾಗದಲ್ಲಿ ಕೂತು ಕೇಳಿ. ಫ್ಯಾನ್ ಕೇಳಿಸಿದರೆ ಒಳಗಿನ ಧೂಳು ತೆಗೆಸಿ, ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿ. ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್ ನನಗೆ ಇಷ್ಟ. ನಮ್ಮಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ ಅಲ್ವಾ, ಬ್ಯಾಟರಿ ಇದ್ದರೆ ಫೈಲುಗಳು ಕೆಡುವ ಭಯ ಕಡಿಮೆ.

ಕಂಪ್ಯೂಟರನ್ನು ಸಜ್ಜು ಮಾಡಿ

ಬೇಡದ ಪ್ರೋಗ್ರಾಂಗಳನ್ನು ತೆಗೆದುಹಾಕಿ. ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ವಿಂಡೋಸ್‌ನ ಟಿಂಗ್ ಟಾಂಗ್ ಸದ್ದುಗಳನ್ನೆಲ್ಲ ಬಂದ್ ಮಾಡಿ. ‘ಎನ್ಹಾನ್ಸ್‌ಮೆಂಟ್ಸ್’, ‘ಸ್ಪೇಷಿಯಲ್ ಸೌಂಡ್’ ಅನ್ನುವ ಆಯ್ಕೆಗಳನ್ನೂ ಆಫ್ ಮಾಡಿ, ಅವು ಅಂಕಿಗಳನ್ನು ತಿದ್ದುತ್ತವೆ. ಪವರ್ ಆಪ್ಷನ್ಸ್‌ನಲ್ಲಿ ಸ್ಕ್ರೀನ್ ಆರಲಿ, ಆದರೆ ಕಂಪ್ಯೂಟರ್ ಸ್ಲೀಪ್‌ಗೆ ಹೋಗದಿರಲಿ. ಮುಚ್ಚಳ ಮುಚ್ಚಿದರೆ ಏನೂ ಆಗಬಾರದು ಅಂತಲೂ ಅಲ್ಲೇ ಆರಿಸಿ. ಗಾಳಿ ಎಲ್ಲಿಂದ ಆಡುತ್ತದೆ ಅಂತ ನೋಡಿಕೊಂಡೇ ಮುಚ್ಚಳ ಮುಚ್ಚಿ. ಕೆಲವು ಲ್ಯಾಪ್‌ಟಾಪ್ ಕೀಬೋರ್ಡ್ ಮೂಲಕವೂ ಬಿಸಿ ಹೊರಹಾಕುತ್ತವೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಸದ ಲ್ಯಾಪ್‌ಟಾಪ್ ಇದ್ದರೆ ಬಿಸಾಡಬೇಡಿ. ಬ್ಯಾಂಕು, ಇಮೇಲ್ ಏನೂ ಅದರಲ್ಲಿ ತೆರೆಯದೆ ಬರೀ ಸಂಗೀತಕ್ಕೆ ಮೀಸಲಿಡಿ. ಇಲ್ಲವೇ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿ, ಪುಕ್ಕಟೆ ಸಿಗುತ್ತದೆ.

ಡ್ಯಾಕ್: ಅಂಕಿ ಸದ್ದಾಗುವ ಜಾಗ

ಫೈಲ್‌ನಲ್ಲಿರುವುದು ಅಂಕಿ. ಆಂಪ್ಲಿಫೈಯರ್‌ಗೆ ಬೇಕಾದ್ದು ಏರಿಳಿಯುವ ವೋಲ್ಟೇಜು. ಒಂದನ್ನು ಇನ್ನೊಂದಾಗಿ ಮಾಡುವ ಸಾಧನವೇ ಡ್ಯಾಕ್. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜಾಕ್ ಹಿಂದೆಯೂ ಒಂದು ಡ್ಯಾಕ್ ಇದೆ. ಕೆಲವದರಲ್ಲಿ ಅದು ಪರವಾಗಿಲ್ಲ. ಆದರೆ ಪಕ್ಕದಲ್ಲೇ ಪ್ರೊಸೆಸರ್, ವೈಫೈ, ಡಿಸ್ಕ್ ಎಲ್ಲ ಕೆಲಸ ಮಾಡುತ್ತಿರುತ್ತವೆ. ಮೌಸ್ ಅಲ್ಲಾಡಿಸಿದಾಗ ಸ್ಪೀಕರ್‌ನಲ್ಲಿ ಚಿರ್ ಚಿರ್ ಅನ್ನುವುದು ಆ ಗದ್ದಲವೇ. ಯುಎಸ್‌ಬಿ ಡ್ಯಾಕ್ ಹಾಕಿದರೆ ಪರಿವರ್ತನೆಯ ಕೆಲಸ ಕಂಪ್ಯೂಟರ್ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ.

ದೊಡ್ಡದೇ ಬೇಕಂತಿಲ್ಲ. ಆಪಲ್ ಮಾರುವ ಬೆರಳುದ್ದದ ಯುಎಸ್‌ಬಿ-ಸಿ ಹೆಡ್‌ಫೋನ್ ಡಾಂಗಲ್ ಕೂಡ ಸಿ.ಡಿ. ಗುಣಮಟ್ಟಕ್ಕೆ ಧಾರಾಳ ಸಾಕು. ಅದರಿಂದ ಹೊರಬರುವುದು ಸುಮಾರು 1 ವೋಲ್ಟ್. ಮನೆಯ ಆಂಪ್ಲಿಫೈಯರ್‌ಗಳಿಗೆ ಅಂತಲೇ ಮಾಡಿದ ಡ್ಯಾಕ್‌ಗಳು ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ, ಸಿ.ಡಿ. ಪ್ಲೇಯರ್‌ನಷ್ಟೇ. ಡಾಂಗಲ್ ಹಾಕಿದರೆ ಆಂಪ್ಲಿಫೈಯರ್ ವಾಲ್ಯೂಮ್ ಸ್ವಲ್ಪ ಜಾಸ್ತಿ ತಿರುಗಿಸಬೇಕಾಗುತ್ತದೆ, ಅಷ್ಟೇ. ದೊಡ್ಡ ಡ್ಯಾಕ್ ಕೊಳ್ಳುವುದಾದರೆ ಹಿಂದೆ ಎರಡು ಆರ್‌ಸಿಎ (ಕೆಂಪು, ಬಿಳಿ ಬಣ್ಣದ ಗುಂಡನೆಯ ಆಡಿಯೊ ಪ್ಲಗ್) ತೂತುಗಳಿರಲಿ. ಸದ್ದಿನ ಅಂಕಿಗಳನ್ನು ಬೆಳಕಿನ ರೂಪದಲ್ಲಿ ತೆಗೆದುಕೊಳ್ಳುವ ಆಪ್ಟಿಕಲ್ ಇನ್‌ಪುಟ್ ಇದ್ದರೆ ಇನ್ನೂ ಒಳ್ಳೆಯದು.

ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಡ್ಯಾಕ್ ಚುಚ್ಚಿದರೆ ಆಯಿತು. ವಿಂಡೋಸ್‌ನಲ್ಲಿ 2017ರಲ್ಲಿ ಬಂದ 1703 ಆವೃತ್ತಿಯಿಂದ ಈಚೆಗೆ ಹೆಚ್ಚಿನ ಡ್ಯಾಕ್‌ಗಳು ತಾವಾಗಿಯೇ ನಡೆಯುತ್ತವೆ. ಅದಕ್ಕಿಂತ ಹಳೆಯದಾದರೆ ತಯಾರಕರ ಡ್ರೈವರ್ ಹಾಕಬೇಕು.

ಬ್ಲೂಟೂತ್ ಇಲ್ಲಿ ಬೇಡ. ಕಳಿಸುವ ಮುಂಚೆ ಅದು ಸದ್ದನ್ನು ಮತ್ತೆ ಹಿಂಡುತ್ತದೆ. ಅಡುಗೆಮನೆಯ ಸ್ಪೀಕರ್‌ಗೆ ಸರಿ.

ಜೋಡಿಸುವ ಕ್ರಮ

ಎಲ್ಲ ಆಫ್ ಇರಲಿ. ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಕೇಬಲ್ ಡ್ಯಾಕ್‌ಗೆ. ಡ್ಯಾಕ್‌ನ ಕೆಂಪು ಮತ್ತು ಬಿಳಿ ಆರ್‌ಸಿಎ ಆಂಪ್ಲಿಫೈಯರ್‌ನ ಆಕ್ಸ್, ಸಿ.ಡಿ. ಅಥವಾ ಲೈನ್ ಅಂತ ಬರೆದಿರುವ ಜಾಗಕ್ಕೆ. ಫೋನೊ ಅಂತ ಬರೆದಲ್ಲಿ ಚುಚ್ಚಬೇಡಿ, ಅದು ಗ್ರಾಮಫೋನ್ ರೆಕಾರ್ಡ್‌ಗೆ ಮಾಡಿದ್ದು, ಸದ್ದು ಒಡೆದು ಬರುತ್ತದೆ. ಡಾಂಗಲ್ ಆದರೆ 3.5 ಮಿಲಿಮೀಟರ್ ಜಾಕ್‌ನಿಂದ ಎರಡು ಆರ್‌ಸಿಎಗೆ ಒಡೆಯುವ ಕೇಬಲ್ ಬೇಕು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಪ್ಲಗ್ ಬಿಗಿಯಾಗಿ ಕೂರುತ್ತದಾ ಅಂತ ಮಾತ್ರ ನೋಡಿ ಕೊಳ್ಳಿ. ಯುಎಸ್‌ಬಿ ಕೇಬಲ್ 5 ಮೀಟರ್ ದಾಟದಿರಲಿ. ಲ್ಯಾಪ್‌ಟಾಪ್ ದೂರ ಇಡಬೇಕಾದರೆ ಆರ್‌ಸಿಎ ಗಿಡ್ಡಗಿಟ್ಟು ಯುಎಸ್‌ಬಿಯನ್ನೇ ಉದ್ದ ಬಿಡಿ.

ಆನ್ ಮಾಡುವಾಗ ಲ್ಯಾಪ್‌ಟಾಪ್ ಮೊದಲು, ಡ್ಯಾಕ್ ಆಮೇಲೆ, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಇದರ ಉಲ್ಟಾ. ಹೀಗೆ ಮಾಡಿದರೆ ಸ್ಪೀಕರ್‌ಗೆ ಧಡ್ ಅನ್ನುವ ಹೊಡೆತ ಬೀಳುವುದಿಲ್ಲ.

ಗುಂಯ್ ಅನ್ನುವ ಸದ್ದನ್ನು ಓಡಿಸುವುದು

ಹೆಚ್ಚಿನವರು ಕಂಪ್ಯೂಟರ್ ಸಂಗೀತದ ಆಸೆ ಬಿಡುವುದು ಇಲ್ಲಿ. ಎಲ್ಲ ಜೋಡಿಸಿ ಆನ್ ಮಾಡುತ್ತೀರಿ, ಹಾಡು ಶುರುವಾಗುವ ಮೊದಲೇ ಸ್ಪೀಕರ್‌ನಿಂದ ಗುಂಯ್ ಅಂತ ಬರುತ್ತಿರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಆ 50 ಮತ್ತು ಅದರ ದುಪ್ಪಟ್ಟು 100 ಹರ್ಟ್ಸ್ ಸೇರಿ ಆಗುವ ಸದ್ದು ಅದು. ತಂಬೂರಿಯ ಮಂದ್ರದ ತಂತಿಯ ಹತ್ತಿರಹತ್ತಿರವೇ ಬಂದು ಕೂರುವುದರಿಂದ ಶ್ರುತಿಯನ್ನೇ ಕೆಡಿಸುತ್ತದೆ.

ಕಾರಣ ಸಾಮಾನ್ಯವಾಗಿ ಅರ್ಥಿಂಗ್‌ನಲ್ಲಿ ಇರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಒಂದು ಕಡೆಯಿಂದ ನೆಲ ಮುಟ್ಟಿರುತ್ತದೆ, ಆಂಪ್ಲಿಫೈಯರ್ ಇನ್ನೊಂದು ಕಡೆಯಿಂದ. ನಡುವೆ ಆಡಿಯೊ ವೈರ್ ಎರಡನ್ನೂ ಸೇರಿಸಿ ಒಂದು ಬಳೆ ಮಾಡುತ್ತದೆ. ಆ ಬಳೆಯಲ್ಲಿ ಸಣ್ಣ ಕರೆಂಟು ಸುತ್ತತೊಡಗುತ್ತದೆ. ಎರಡು ಪಿನ್ ಚಾರ್ಜರ್ ಆದರೂ ಪೂರ್ತಿ ಬಚಾವಲ್ಲ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಬೆರಳಿಗೆ ಜುಮ್ ಅನ್ನುತ್ತದಲ್ಲ, ಅಂಥ ಸೋರಿಕೆಯೂ ಇದೇ ವೈರಿನಲ್ಲಿ ಹರಿದು ಬರುತ್ತದೆ.

ಒಂದೊಂದಾಗಿ ಪರೀಕ್ಷಿಸಿ. ಮೊದಲು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತಿತಾ? ಕಳ್ಳ ಸಿಕ್ಕ. ನನ್ನ ಮನೆಯಲ್ಲಿ ವಾರಗಟ್ಟಲೆ ಆಂಪ್ಲಿಫೈಯರ್ ಕೆಟ್ಟಿದೆ ಅಂತಲೇ ಅಂದುಕೊಂಡಿದ್ದೆ, ಒಂದು ದಿನ ಚಾರ್ಜರ್ ಆಕಸ್ಮಿಕವಾಗಿ ಕಿತ್ತುಬಂತು, ಕೋಣೆಯೆಲ್ಲ ನಿಶ್ಶಬ್ದ. ಸದ್ದು ನಿಲ್ಲದಿದ್ದರೆ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಆಗಲೂ ನಿಲ್ಲದಿದ್ದರೆ ಆಂಪ್ಲಿಫೈಯರ್‌ಗೆ ಟಿ.ವಿ. ಅಥವಾ ಸೆಟ್‌ಟಾಪ್ ಬಾಕ್ಸ್ ಜೋಡಿಸಿದ್ದೀರಾ ನೋಡಿ. ಕೇಬಲ್‌ನವರ ವೈರ್ ಕಿತ್ತು ನೋಡಿ. ಅದು ಬೀದಿಯಲ್ಲೆಲ್ಲೋ ನೆಲ ಮುಟ್ಟಿ ಬಂದಿರುತ್ತದೆ, ಬಹಳ ಮನೆಗಳಲ್ಲಿ ತಪ್ಪು ಅದರದ್ದೇ. ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಸದ್ದು ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು, ಫ್ಯಾನ್ ಕೂಡ ಗೊರಗೊರ ಅನ್ನುತ್ತಿರುತ್ತದೆ. ಸೈನ್ ವೇವ್ ಇನ್ವರ್ಟರ್ ಒಂದೇ ಅದಕ್ಕೆ ಮದ್ದು.

ಚಾರ್ಜರ್ ಬಿಡಲಾಗದಿದ್ದರೆ ಆಪ್ಟಿಕಲ್ ಕೇಬಲ್ ಬಳಸಿ. ಅದರಲ್ಲಿ ಹೋಗುವುದು ಬೆಳಕು, ಲೋಹದ ದಾರಿಯೇ ಇಲ್ಲದ್ದರಿಂದ ಬಳೆ ತುಂಡಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆಪ್ಟಿಕಲ್ ಇಲ್ಲದಿದ್ದರೆ ಯುಎಸ್‌ಬಿ ಐಸೊಲೇಟರ್ ಸಿಗುತ್ತದೆ. ಆರ್‌ಸಿಎ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಅಗ್ಗ, ಆದರೆ ಅಗ್ಗದವು ಮಂದ್ರದ ಸದ್ದನ್ನು ತಿನ್ನುತ್ತವೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆಂಪ್ಲಿಫೈಯರ್‌ನ ಮೂರನೇ ಪಿನ್ ಕತ್ತರಿಸಿದರೆ ಗುಂಯ್ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಒಳಗೆ ವೈರ್ ಸಡಿಲಾದ ದಿನ ನಿಮ್ಮ ಜೀವ ಉಳಿಸುವುದು ಆ ಪಿನ್. ಗೋಡೆಯ ಪ್ಲಗ್‌ನಲ್ಲಿ ಅರ್ಥಿಂಗ್ ನಿಜವಾಗಿ ಬರುತ್ತಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.

ಅಂಕಿಗಳನ್ನು ಮುಟ್ಟದ ಪ್ಲೇಯರ್

ಮಾಮೂಲಾಗಿ ವಿಂಡೋಸ್ ಎಲ್ಲ ಪ್ರೋಗ್ರಾಂಗಳ ಸದ್ದನ್ನೂ ಒಂದು ಮಿಕ್ಸರ್‌ಗೆ ಹಾಕಿ ಒಂದೇ ವೇಗಕ್ಕೆ ತರುತ್ತದೆ. ಸಿ.ಡಿ. ಅಂದರೆ ಸೆಕೆಂಡಿಗೆ 44,100 ಮಾದರಿ (ಸ್ಯಾಂಪಲ್, ಸದ್ದಿನ ಒಂದೊಂದು ಅಳತೆ). ವೇಗ ಅಂದರೆ ಇದೇ, ಸಾವಿರದ ಲೆಕ್ಕದಲ್ಲಿ 44.1. ಮಿಕ್ಸರ್ 48,000ಕ್ಕೆ ಸೆಟ್ ಆಗಿದ್ದರೆ ಇಲ್ಲದ ಮಾದರಿಗಳನ್ನು ಲೆಕ್ಕ ಹಾಕಿ ಹುಟ್ಟಿಸಬೇಕಾಗುತ್ತದೆ. ಕೇಳುವಾಗ ಇದರ ಪರಿಣಾಮ ದೊಡ್ಡದೇನಲ್ಲ. ಆದರೆ ತಪ್ಪಿಸುವುದು ಪುಕ್ಕಟೆ.

ವಿಂಡೋಸ್‌ನಲ್ಲಿ ನಾನು ಬಳಸುವುದು ಫೂಬಾರ್2000. ನೋಡಲು ಸಪ್ಪೆ, ಕೆಲಸದಲ್ಲಿ ನಂಬಿಗಸ್ತ. ಫೈಲ್ ಮೆನುವಿನಲ್ಲಿ ಪ್ರಿಫರೆನ್ಸಸ್, ಅಲ್ಲಿ ಪ್ಲೇಬ್ಯಾಕ್, ಅದರೊಳಗೆ ಔಟ್‌ಪುಟ್ ತೆರೆಯಿರಿ. ಪಟ್ಟಿಯಲ್ಲಿ ನಿಮ್ಮ ಡ್ಯಾಕ್ ಹೆಸರಿನ ಜೊತೆ ಎಕ್ಸ್‌ಕ್ಲೂಸಿವ್ ಅಂತ ಇರುವ ಸಾಲನ್ನು ಆರಿಸಿ. ಈಗ ಡ್ಯಾಕ್ ಆ ಪ್ಲೇಯರ್‌ಗೆ ಮಾತ್ರ ಸೇರಿದ್ದು, ಮಿಕ್ಸರ್ ಪಕ್ಕಕ್ಕೆ ಸರಿಯಿತು. ಮ್ಯೂಸಿಕ್‌ಬೀ ಇಷ್ಟವಾದರೆ ಅದರಲ್ಲೂ ಇದೇ ಕೆಲಸ ಮಾಡುವ ವಾಸಾಪಿ ಎಕ್ಸ್‌ಕ್ಲೂಸಿವ್ ಅನ್ನುವ ಆಯ್ಕೆ ಇದೆ.

ಹುಷಾರು: ಈ ವಿಧಾನದಲ್ಲಿ ವಿಂಡೋಸ್‌ನ ವಾಲ್ಯೂಮ್ ಪಟ್ಟಿ ಕೆಲಸ ಮಾಡದೇ ಇರಬಹುದು. ಮೊದಲ ಸಲ ಹಾಡು ಹಾಕುವ ಮುಂಚೆ ಆಂಪ್ಲಿಫೈಯರ್ ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಆಮೇಲೆ ನಿಧಾನಕ್ಕೆ ಏರಿಸಿ. ಪ್ಲೇಯರ್‌ನ ವಾಲ್ಯೂಮ್ ಪೂರ್ತಿ ಇರಲಿ, ಏರಿಳಿತ ಆಂಪ್ಲಿಫೈಯರ್‌ನಲ್ಲೇ ಆಗಲಿ. ಆಂಪ್ಲಿಫೈಯರ್‌ಗೆ ರಿಮೋಟ್ ಇಲ್ಲ ಅಂತ ಕಂಪ್ಯೂಟರ್‌ನಲ್ಲೇ ಇಳಿಸಿದರೂ ಚಿಂತೆ ಬೇಡ. ಔಟ್‌ಪುಟ್ 24 ಬಿಟ್‌ಗೆ (ಪ್ರತಿ ಮಾದರಿಯನ್ನು ಬರೆಯಲು ಇರುವ ಅಂಕಿಗಳ ಸಂಖ್ಯೆ) ಸೆಟ್ ಮಾಡಿ. 16 ಬಿಟ್‌ನ ಹಾಡಿಗೆ ಕೆಳಗಡೆ ಇನ್ನೂ 8 ಬಿಟ್ ಜಾಗ ಇರುತ್ತದೆ, ಅಂದರೆ 48 ಡೆಸಿಬಲ್‌ನಷ್ಟು ಇಳಿಸಿದರೂ ಅಂಕಿ ಕಳೆದುಹೋಗದು.

ಮ್ಯಾಕ್‌ನಲ್ಲಿ ಯುಟಿಲಿಟೀಸ್ ಫೋಲ್ಡರಿನಲ್ಲಿ ಆಡಿಯೊ ಮಿಡಿ ಸೆಟಪ್ ಅಂತ ಇದೆ. ಡ್ಯಾಕ್‌ನ ವೇಗವನ್ನು ಅಲ್ಲಿ ಕೈಯಾರೆ 44.1ಕ್ಕೆ ಇಡಿ. ಆಪಲ್ ಮ್ಯೂಸಿಕ್ 2021ರಿಂದ ಲಾಸ್‌ಲೆಸ್ (ಒಂದು ಅಂಕಿಯೂ ಕಳೆಯದ ಹಾಡು) ಕೊಡುತ್ತಿದ್ದರೂ ಮ್ಯಾಕ್‌ನ ಆ್ಯಪ್ ಹಾಡಿಗೆ ತಕ್ಕಂತೆ ಈ ವೇಗ ಬದಲಿಸುವುದಿಲ್ಲ. ಲ್ಯಾಪ್‌ಟಾಪೇ ಬೇಡ ಅನ್ನುವವರು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ ವೊಲ್ಯುಮಿಯೊ ಅಥವಾ ಮೂಡ್ ಆಡಿಯೊ ಅನ್ನುವ ಸಂಗೀತದ ತಂತ್ರಾಂಶ ಹಾಕಬಹುದು. ಫ್ಯಾನ್ ಇಲ್ಲ, ಸ್ಕ್ರೀನ್ ಇಲ್ಲ, ಫೋನಿನ ಬ್ರೌಸರ್‌ನಿಂದಲೇ ನಡೆಸಬಹುದು. ಹಳೇ ಪೈಗಳ ಹೆಡ್‌ಫೋನ್ ಜಾಕ್ ಮಾತ್ರ ನೆಚ್ಚಬೇಡಿ, ಅದಕ್ಕೂ ಯುಎಸ್‌ಬಿ ಡ್ಯಾಕ್ ಹಾಕಿ.

ಎಲ್ಲ ಸರಿಯಾಗಿದೆಯಾ ಅಂತ ತಿಳಿಯಲು ಡ್ಯಾಕ್‌ನ ದೀಪ ಅಥವಾ ಪರದೆ ನೋಡಿ. ಸಿ.ಡಿ. ಹಾಡಿಗೆ 44.1, 96ರ ಫೈಲಿಗೆ 96 ಅಂತ ತಾನಾಗಿ ಬದಲಾದರೆ ದಾರಿಯಲ್ಲಿ ಯಾರೂ ವೇಗ ಬದಲಿಸಿಲ್ಲ.

ಸಿ.ಡಿ.ಗಳನ್ನು ಇಳಿಸಿಕೊಳ್ಳುವುದು

ನಮ್ಮ ಮನೆಗಳಲ್ಲಿ ಇನ್ನೂ ಸಿ.ಡಿ.ಗಳಿವೆ. ಕಛೇರಿಗಳದ್ದು, ಭಾವಗೀತೆಗಳದ್ದು, ವಚನಗಳದ್ದು. ಅವುಗಳಲ್ಲಿ ಎಷ್ಟೋ ಬೇರೆಲ್ಲೂ ಸಿಗುವುದಿಲ್ಲ. ಅದಕ್ಕೇ ಈ ಹಂತಕ್ಕೆ ಸಮಯ ಕೊಡಿ ಅಂತ ಬೇಡಿಕೊಳ್ಳುತ್ತೇನೆ.

ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ ಬಳಸಿ. ಸೆಕ್ಯೂರ್ ಮೋಡ್ ಆರಿಸಿ. ಗೀಚು ಬಿದ್ದ ಜಾಗವನ್ನು ಅವು ಮತ್ತೆಮತ್ತೆ ಓದಿ ಒಂದೇ ಉತ್ತರ ಬರುತ್ತದಾ ಅಂತ ನೋಡುತ್ತವೆ. ಉಳಿಸುವುದು ಫ್ಲ್ಯಾಕ್ ರೂಪದಲ್ಲಿ. 2001ರಲ್ಲಿ ಬಂದ ಫ್ಲ್ಯಾಕ್ ಫೈಲನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಆದರೆ ಒಂದು ಅಂಕಿಯೂ ಹೋಗುವುದಿಲ್ಲ. ಒಂದು ಗಂಟೆಯ ಸಿ.ಡಿ.ಗೆ 635 ಮೆಗಾಬೈಟ್ ಬೇಕಾದಲ್ಲಿ 350ರ ಆಸುಪಾಸಿನಲ್ಲಿ ಮುಗಿಯುತ್ತದೆ. 500 ಜಿಬಿ ಡಿಸ್ಕ್‌ನಲ್ಲಿ ಸಾವಿರಕ್ಕೂ ಜಾಸ್ತಿ ಸಿ.ಡಿ. ಹಿಡಿಸುತ್ತವೆ.

ಎಕ್ಸಾಕ್ಟ್ ಆಡಿಯೊ ಕಾಪಿ ನಿಮ್ಮ ಪ್ರತಿಯನ್ನು ಆಕ್ಯುರೇಟ್‌ರಿಪ್ ಅನ್ನುವ ಸಂಗ್ರಹದಲ್ಲಿರುವ ಬೇರೆಯವರ ಪ್ರತಿಗಳ ಜೊತೆ ಹೋಲಿಸುತ್ತದೆ. ಆದರೆ ಕನ್ನಡದ ಸಣ್ಣ ಕಂಪನಿಗಳ ಸಿ.ಡಿ.ಗಳು ಆ ಸಂಗ್ರಹದಲ್ಲಿ ಇಲ್ಲದೇ ಇರಬಹುದು. ಆಗ ಟೆಸ್ಟ್ ಅಂಡ್ ಕಾಪಿ ಮಾಡಿ. ಪ್ರತಿ ಹಾಡನ್ನೂ ಎರಡು ಸಲ ಓದಿ, ತಾಳೆ ನೋಡಲು ಎರಡು ಸಿಆರ್‌ಸಿ ಸಂಖ್ಯೆ ತೋರಿಸುತ್ತದೆ. ಎರಡೂ ಒಂದೇ ಆದರೆ ಪ್ರತಿಯನ್ನು ನಂಬಬಹುದು. ಬೇರೆಯಾದರೆ ಸಿ.ಡಿ.ಯನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ ಮತ್ತೆ ಮಾಡಿ. ವೃತ್ತಾಕಾರವಾಗಿ ಒರೆಸಬೇಡಿ.

ಇನ್ನೊಂದು ಗೊಂದಲ. ನಮ್ಮಲ್ಲಿ ಎಂಪಿ3 ಸಿ.ಡಿ.ಗಳು ರಾಶಿ ರಾಶಿ ಮಾರಾಟವಾದವು, ಒಂದರಲ್ಲೇ ನೂರು ಹಾಡು. ಅವನ್ನು ಸುಮ್ನೆ ಕಾಪಿ ಮಾಡಿಕೊಳ್ಳಿ. ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಫೈಲು ದಪ್ಪ ಆಗುತ್ತದೆ, ಹೋದದ್ದು ವಾಪಸ್ ಬರದು. ಯಾರೋ ಕೊಟ್ಟ ಫ್ಲ್ಯಾಕ್ ನಿಜವಾದದ್ದಾ ಅಂತ ಅನುಮಾನ ಬಂದರೆ ಸ್ಪೆಕ್ ಅನ್ನುವ ಪುಟ್ಟ ಪ್ರೋಗ್ರಾಂನಲ್ಲಿ ತೆರೆಯಿರಿ. 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಿಂದ ಕತ್ತರಿಸಿದಂತೆ ಚಿತ್ರ ನಿಂತರೆ ಅದು ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3ಯಿಂದ ಬಂದಿರುವ ಸಾಧ್ಯತೆ ಹೆಚ್ಚು. ಹಳೆಯ ರೆಕಾರ್ಡಿಂಗ್‌ಗಳಿಗೆ ಈ ಪರೀಕ್ಷೆ ಹಚ್ಚಬೇಡಿ. ಮಲ್ಲಿಕಾರ್ಜುನ ಮನ್ಸೂರರ ಯುವಕಾಲದ 78 ಆರ್‌ಪಿಎಂ ರೆಕಾರ್ಡ್‌ನಲ್ಲಿ ಅಷ್ಟು ಎತ್ತರದ ಸದ್ದು ಮೊದಲೇ ಇರಲಿಲ್ಲ.

ಕ್ಯಾಸೆಟ್ ಇದ್ದರೆ ಲೈನ್ ಇನ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬೇಕು, ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ಹಾಕಬೇಡಿ. ಡೆಕ್ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಆಡಾಸಿಟಿ ಅನ್ನುವ ಪ್ರೋಗ್ರಾಂನಲ್ಲಿ 24 ಬಿಟ್‌ಗೆ ಇಟ್ಟು ರೆಕಾರ್ಡ್ ಮಾಡಿ. ಅತಿ ಗಟ್ಟಿ ಸದ್ದು ಮೈನಸ್ 6 ಡೆಸಿಬಲ್ ದಾಟದಿರಲಿ. ಮೂಲ ಪ್ರತಿ ಹಾಗೇ ಇಟ್ಟು, ಹಿಸ್ ತೆಗೆಯುವ ಪ್ರಯೋಗವನ್ನು ನಕಲಿನ ಮೇಲೆ ಮಾತ್ರ ಮಾಡಿ.

ಹೆಸರು, ರಾಗ, ತಾಳ

ಫೈಲಿಗೆ ‘ಟ್ರ್ಯಾಕ್ 03’ ಅಂತಲೇ ಬಿಟ್ಟರೆ ಎರಡು ವರ್ಷದ ನಂತರ ಯಾರಿಗೂ ಗೊತ್ತಾಗದು. ಎಂಪಿ3ಟ್ಯಾಗ್ ಅನ್ನುವ ಪ್ರೋಗ್ರಾಂನಲ್ಲಿ ವಿವರ ತುಂಬಿ. ಫ್ಲ್ಯಾಕ್‌ನಲ್ಲಿ ಕನ್ನಡ ಲಿಪಿಯಲ್ಲೇ ಬರೆಯಬಹುದು, ನಮಗೆ ಬೇಕಾದ ಹೊಸ ಅಂಕಣಗಳನ್ನೂ ಸೇರಿಸಬಹುದು. ಅಂಕಣದ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಬೇಕು, ಒಳಗಿನ ಮಾತು ಕನ್ನಡದಲ್ಲಿರಲಿ. ನಾನು ರಾಗ, ತಾಳ, ವಾಗ್ಗೇಯಕಾರರು, ಪಕ್ಕವಾದ್ಯದವರು ಅಂತ ನಾಲ್ಕು ಅಂಕಣ ಸೇರಿಸಿದ್ದೇನೆ. ಕಲ್ಯಾಣಿ ಅಂತ ಹುಡುಕಿದರೆ ಮನೆಯಲ್ಲಿರುವ ಕಲ್ಯಾಣಿಗಳೆಲ್ಲ ಸಾಲಾಗಿ ಬರುತ್ತವೆ. ವೀಣೆ ದೊರೆಸ್ವಾಮಿ ಅಯ್ಯಂಗಾರರ ಆಲಾಪನೆ ಮುಗಿಸಿ ಬೇರೊಬ್ಬರದ್ದು ಕೇಳುವ ಸುಖವೇ ಬೇರೆ. ಒಂದೇ ಹೆಸರನ್ನು ಎಲ್ಲ ಕಡೆ ಒಂದೇ ರೀತಿ ಬರೆಯಿರಿ, ಇಲ್ಲದಿದ್ದರೆ ಹುಡುಕಾಟ ತಪ್ಪುತ್ತದೆ.

ಪ್ಲೇಯರ್‌ನಲ್ಲಿ ಗ್ಯಾಪ್‌ಲೆಸ್, ಅಂದರೆ ಟ್ರ್ಯಾಕ್‌ಗಳ ನಡುವೆ ನಿಲ್ಲದೆ ಹೋಗುವುದು, ನಡೆಯುತ್ತದೆಯಾ ನೋಡಿ. ವಿಲಂಬಿತದಿಂದ ದ್ರುತ್‌ಗೆ ಹೋಗುವಲ್ಲಿ ಸಿ.ಡಿ.ಯವರು ಟ್ರ್ಯಾಕ್ ಒಡೆದಿರುತ್ತಾರೆ. ಅಲ್ಲಿ ಅರ್ಧ ಸೆಕೆಂಡು ನಿಂತರೂ ತಬಲಾದ ಸಮ್ ತಪ್ಪಿದಂತಾಗಿ ಮನಸ್ಸು ಕೆಡುತ್ತದೆ. ಫೂಬಾರ್2000 ಇದರಲ್ಲಿ ಅಚ್ಚುಕಟ್ಟು.

ಇಷ್ಟೆಲ್ಲ ಮಾಡಿದ ಮೇಲೆ ಅದೇ ದಿನ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ. ನನ್ನ ಇನ್ನೂರು ಸಿ.ಡಿ.ಗಳ ಕೆಲಸ ಒಂದು ಹಾರ್ಡ್ ಡಿಸ್ಕ್ ಜೊತೆ ಹೋಯಿತು. ಸಿ.ಡಿ.ಗಳಿದ್ದವು, ಮತ್ತೆ ಮಾಡಿದೆ. ಅದರಲ್ಲಿ ಮೂರು ಎರಡನೇ ಸಲ ಓದಲೇ ಇಲ್ಲ. ಈಗ ಒಂದು ಪ್ರತಿ ಲ್ಯಾಪ್‌ಟಾಪ್‌ನಲ್ಲಿ, ಒಂದು ಕಪಾಟಿನ ಡಿಸ್ಕ್‌ನಲ್ಲಿ, ಒಂದು ತಂಗಿಯ ಮನೆಯಲ್ಲಿದೆ.

ಹೈ-ರೆಸ್ ಬೇಕೇ?

ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್. 44.1ರ ಸಿ.ಡಿ. 22 ಕಿಲೋಹರ್ಟ್ಸ್‌ವರೆಗೂ ಹಿಡಿಯುತ್ತದೆ. ಹಾಗಾಗಿ ಹೈ-ರೆಸ್ ಅಂತ ಕರೆಯುವ 96, 192 ಅನ್ನುವ ವೇಗಗಳ ಹಿಂದೆ ಓಡುವುದಕ್ಕಿಂತ ಒಳ್ಳೆಯ ರೆಕಾರ್ಡಿಂಗ್ ಹುಡುಕಿ. ಜೋರು ಮಾಡಿ ಚಪ್ಪಟೆ ಮಾಡಿದ ಮರುಮುದ್ರಣಕ್ಕಿಂತ ಮೊದಲ ಸಲ ಬಂದ ಸಿ.ಡಿ. ಎಷ್ಟೋ ಸಲ ಹಾಯಾಗಿ ಕೇಳುತ್ತದೆ.

ಕೊನೆಗೆ ಕೋಣೆ

ಟೈಲ್ಸ್ ನೆಲ, ಬರೀ ಗೋಡೆ, ಗಾಜಿನ ಕಿಟಕಿ. ನಮ್ಮ ಹಾಲ್‌ಗಳು ಹೀಗೇ ಅಲ್ವಾ? ಕೂರುವ ಜಾಗದಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟಣ್ ಅಂತ ಹಿಂದೆ ಸದ್ದು ಉಳಿದರೆ ತಂಬೂರಿಯೂ ಹಾಗೇ ಕಲಸಿಹೋಗುತ್ತದೆ. ಸ್ಪೀಕರ್‌ಗೂ ನಿಮಗೂ ನಡುವೆ ದಪ್ಪ ಜಮಖಾನ ಹಾಸಿ. ಕಿಟಕಿಗೆ ದಪ್ಪ ಪರದೆ ಬಿಡಿ. ಪುಸ್ತಕದ ಕಪಾಟು ಇದ್ದರೆ ಬೆನ್ನ ಹಿಂದೆ ಬರಲಿ.

ಸ್ಪೀಕರ್‌ಗಳನ್ನು ಶೋಕೇಸ್ ಒಳಗಿಂದ ಹೊರತೆಗೆಯಿರಿ. ಒಳಗೆ ತುರುಕಿದರೆ ಮಂದ್ರ ಊದಿಕೊಂಡು ಗಂಟಲು ಕಟ್ಟಿದಂತೆ ಕೇಳುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಮುಖವನ್ನಾದರೂ ಅಂಚಿನ ತನಕ ಮುಂದೆ ತನ್ನಿ. ಸ್ಟ್ಯಾಂಡ್ ಸಿಗದಿದ್ದರೆ ಗಟ್ಟಿ ಮರದ ಸ್ಟೂಲ್ ಮೇಲೆ ಕಡಪಾ ಕಲ್ಲಿನ ತುಂಡು ಇಟ್ಟು ಕೂರಿಸಿ, ಚೆನ್ನಾಗಿ ನಿಲ್ಲುತ್ತದೆ. ಎತ್ತರದ ಸದ್ದು ಕೊಡುವ ಮೇಲಿನ ಪುಟ್ಟ ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕೆ ಬರಲಿ. ಎರಡು ಸ್ಪೀಕರ್ ನಡುವೆ 6 ಅಡಿ ಇದ್ದರೆ ನೀವೂ ಪ್ರತಿ ಸ್ಪೀಕರ್‌ನಿಂದ ಸುಮಾರು 6 ಅಡಿ ದೂರ ಕೂರಿ. ಹಿಂದಿನ ಗೋಡೆಯಿಂದ ಒಂದು ಅಡಿ ಬಿಟ್ಟು ಶುರು ಮಾಡಿ.

ಈಗ ತಂಬೂರಿ ಹಾಕಿ, ಒಬ್ಬರು ಕೂತು ಕೇಳಿ, ಇನ್ನೊಬ್ಬರು ಸ್ಪೀಕರನ್ನು ಒಂದೊಂದು ಅಂಗುಲ ಸರಿಸಲಿ. ಒಂದು ಜಾಗದಲ್ಲಿ ಮೀಟುಗಳು ಬಿಡಿಬಿಡಿಯಾಗಿ, ಎರಡು ಸ್ಪೀಕರ್‌ಗಳ ನಡುವಿನ ಖಾಲಿ ಜಾಗದಿಂದಲೇ ಬಂದಂತೆ ಕೇಳಿಸುತ್ತವೆ. ಅಲ್ಲಿಗೆ ನೆಲದ ಮೇಲೆ ಟೇಪಿನಿಂದ ಗುರುತು ಹಾಕಿಬಿಡಿ. ಮನೆ ಒರೆಸುವಾಗ ಸ್ಪೀಕರ್ ಸರಿದೇ ಸರಿಯುತ್ತದೆ.